ತಿರುವಿನ ಸಿಳ್ಳೆ

ಕಾಡಿನ ನಡಿಗೆಗೆ ಬರುವವರು ಮಾಸಲು ಬಣ್ಣದ ಬಟ್ಟೆ ಹಾಕಿಕೊಂಡು ಬರಬೇಕು, ಕಣ್ಣಿಗೆ ಹೊಡೆಯುವ ಬಣ್ಣ ಕಂಡರೆ ಹಕ್ಕಿಗಳು ಹತ್ತಿರ ಸುಳಿಯುವುದಿಲ್ಲ ಎಂದು ಮಗಳ ಫೋನಿಗೆ ಸೂಚನೆ ಬಂದಿತ್ತು. ತಾಯಿಯ ಹತ್ತಿರ ಮಾಸಲು ಬಣ್ಣದ್ದೆಂದು ಇದ್ದದ್ದು ಒಂದೇ: ಅವಳು ಕೆಲಸ ಮಾಡುವ ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುವವರಿಗೆ ಕೊಡುವ ಹಸಿರು ಕೋಟು. ಜೇಬಿನ ಮೇಲೆ ಹೊಲಿದಿದ್ದ ಹೋಟೆಲಿನ ಹೆಸರು ಕಾಣದಿರಲೆಂದು ಅಲ್ಲಿಗೊಂದು ಕರ್ಚೀಫು ಇಟ್ಟು ಪಿನ್ನು ಚುಚ್ಚಿಕೊಂಡಳು.

"ಒಂದನೇ ಕ್ಲಾಸಿಗೆ ಸೇರೋಕೆ ಹೊರಟಿರೋ ಹಾಗಿದ್ದೀಯ," ಎಂದಳು ಮಗಳು.

"ಸೇರಿಸ್ಕೊಂಡ್ರೆ ಸಾಕು. ಹೊರಡು."

"ಅಪ್ಪಂಗೆ ಏನಂತ ಹೇಳ್ದೆ?"

"ನಿನಗೆ ಚಪ್ಪಲಿ ಕೊಡಿಸ್ಕೊಂಡು ಬರ್ತೀನಿ ಅಂತ."

"ಹಾಗಾದ್ರೆ ಚಪ್ಪಲೀನೂ ಕೊಡಿಸ್ಬೇಕಾಗುತ್ತೆ, ನೋಡ್ಕೋ."

ಬಸ್ಸು ಅವರಿಬ್ಬರನ್ನೂ ಊರಿನ ಕೊನೆಯ ನಿಲ್ದಾಣದಲ್ಲಿ ಇಳಿಸಿ ಹೊಗೆ ಬಿಟ್ಟು ತಿರುಗಿತು. ಈಚೆಗೆ ಟೈರಿನ ಅಂಗಡಿ, ಗೋದಾಮು, ಅರ್ಧಕ್ಕೆ ನಿಂತ ಕಟ್ಟಡಗಳು. ರಸ್ತೆ ದಾಟಿದರೆ ಕಾಡು. ಬಾಗಿಲಿನ ಪಕ್ಕದಲ್ಲಿ ದೊಡ್ಡ ಫಲಕ: ಇದು ಮೂಲ ಕಾಡು, ಇಲ್ಲಿರುವುದು ಈ ಮಣ್ಣಿನ ಮರಗಳು ಮಾತ್ರ. ಅದರ ಕೆಳಗೆ ಕಾಡನ್ನು ಉಳಿಸಿದ ಸಂಸ್ಥೆಯ ಹಿರಿಯರ ಹೆಸರುಗಳು, ಒಂದರ ಕೆಳಗೊಂದು.

ಅವಳು ಮರ ನೋಡಲು ಬಂದವಳಲ್ಲ. ಗಂಡನ ಸಿಳ್ಳೆ ಕೇಳಲು ಬಂದಿದ್ದಳು.

ಗಂಡ ಸತ್ತಿರಲಿಲ್ಲ. ಮನೆಯಲ್ಲಿ ಕಿಟಕಿ ಪಕ್ಕದ ಕುರ್ಚಿಯಲ್ಲಿ, ಕೊರಳಿಗೆ ತೆಳು ಬಟ್ಟೆ ಕಟ್ಟಿಕೊಂಡು ಕೂತಿದ್ದ. ಹೋದ ವರ್ಷ ಆಸ್ಪತ್ರೆಯವರು ಗಂಟಲಿನ ಗಂಟಿನ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದಿದ್ದರು. ಅಂದಿನಿಂದ ಅವನ ಉಸಿರು ಬಾಯಿಯವರೆಗೆ ಬರುವುದೇ ಇಲ್ಲ. ಕೊರಳಿನ ತೂತಿನಿಂದ ಒಳಗೆ ಹೋಗಿ ಅಲ್ಲಿಂದಲೇ ಹೊರಗೆ ಬರುತ್ತದೆ. ಮಾತು ಹೋಯಿತು. ನಗು ಭುಜಗಳಿಗೆ ಇಳಿಯಿತು. ಬಿಸಿ ಚಹಾ ಊದಿ ಆರಿಸುವುದಕ್ಕೂ ಆಗದೆ ಲೋಟ ಹಿಡಿದುಕೊಂಡು ಸುಮ್ಮನೆ ಕಾಯುತ್ತಾನೆ. ಅವಳು ಅಡುಗೆಮನೆಯಲ್ಲಿದ್ದಾಗ ಏನಾದರೂ ಬೇಕಿದ್ದರೆ ಕುರ್ಚಿಯ ಕೈಗೆ ಉಂಗುರ ಬಡಿಯುತ್ತಾನೆ. ಅವಳು ಬರುತ್ತಾಳೆ. ಆದರೆ ಬಡಿದದ್ದಕ್ಕೆ ಬರುವುದು ಬೇರೆ, ಕರೆದದ್ದಕ್ಕೆ ಬರುವುದು ಬೇರೆ.

ಮೊದಲು ಅವನು ಈ ಕಾಡಿನಲ್ಲಿ ಕೆಲಸಕ್ಕಿದ್ದ. ಭಾನುವಾರ ನಡಿಗೆಗೆ ಬಂದವರನ್ನು ಸುತ್ತಾಡಿಸುತ್ತಿದ್ದ. ಹಿಂದೆ ಉಳಿದವರನ್ನು ಕೂಗಿ ಕರೆದರೆ ಪ್ರಾಣಿಗಳು ಓಡುತ್ತವೆಂದು ಸಿಳ್ಳೆ ಹಾಕುತ್ತಿದ್ದ. ಬರುವವರೆಲ್ಲ ಅವನಿಗೆ ಸಿಳ್ಳೆಯಣ್ಣ ಎನ್ನುತ್ತಿದ್ದರು. ಆ ಸಿಳ್ಳೆ ಕೆಳಗಿನಿಂದ ಎದ್ದು, ಮೇಲೆ ಒಂದು ಗಳಿಗೆ ನಿಂತು, ಸರ್ರನೆ ಜಾರಿ, ತುದಿಯಲ್ಲಿ ಪುಟ್ಟದೊಂದು ಕೊಂಕು. ಆ ಕೊಂಕು ಅವಳದು. ಮದುವೆಯಾದ ಹೊಸತರಲ್ಲಿ, ಸಂಜೆ ಕೆಲಸ ಮುಗಿಸಿ ಬೀದಿಯ ಮೂಲೆಗೆ ಬಂದಾಗ ಅವಳೊಬ್ಬಳಿಗೇ ಗೊತ್ತಾಗಲೆಂದು ಸೇರಿಸಿದ್ದು. ಅದು ತುಟಿಗೆ ಎಷ್ಟು ಅಂಟಿಕೊಂಡಿತೆಂದರೆ ಆಮೇಲೆ ಕಾಡಿನಲ್ಲಿ ಊರವರಿಗೆ ಊದುವಾಗಲೂ ಅದನ್ನು ಬಿಟ್ಟು ಊದಲು ಅವನಿಗೆ ಬರಲಿಲ್ಲ. "ಬಂದವರನ್ನೆಲ್ಲ ನಿನ್ನ ಹೆಸರಲ್ಲೇ ಕರೀತಾ ಇದ್ದೀನಿ, ಬೇಜಾರಾಗ್ಬೇಡ," ಎನ್ನುತ್ತಿದ್ದ.

ಒಂದು ದಿನ ಬಂದವನೇ ಬಾಗಿಲಲ್ಲಿ ನಿಂತು ನಗತೊಡಗಿದ. "ಕಾಡಲ್ಲಿ ಒಬ್ಬ ಕಾಜಾಣ ಇದ್ದಾನೆ, ದೊಡ್ಡ ಕಳ್ಳ. ಯಾರ ದನಿ ಕೇಳಿದ್ರೂ ಕದೀತಾನೆ. ಅಳಿಲಿನದು, ಗಿಡುಗಂದು, ಎಲ್ಲಾ. ಈಗ ನನ್ನ ಸಿಳ್ಳೇನೂ ಕದ್ದಿದ್ದಾನೆ. ಇವತ್ತು ಅರ್ಧ ಜನ ನನ್ನ ಬಿಟ್ಟು ಅವನ ಹಿಂದೆ ಹೋಗ್ಬಿಟ್ರು! ನಾಳೆ ಸಂಬಳಕ್ಕೂ ಅವನೇ ಸಾಲಲ್ಲಿ ನಿಂತ್ರೆ ನನ್ನ ಗತಿಯೇನು?"

ಎಷ್ಟೋ ನಕ್ಕಿದ್ದರು. ಮರೆತಿದ್ದರು. ಇತ್ತೀಚೆಗೆ ಕಾಡಿನ ಬಾಗಿಲು ಕಾಯುವ ತಾತ ಅವನನ್ನು ನೋಡಿ ಹೋಗಲು ಮನೆಗೆ ಬಂದ. ಆಡಲು ಮಾತಿಲ್ಲದೆ ಚಡಪಡಿಸುತ್ತಿದ್ದವನು ಹೊರಡುವ ಮುನ್ನ ಹೇಳಿದ: "ನೀನು ಬಿಟ್ಟು ಬಂದ್ರೂ ನಿನ್ನ ಸಿಳ್ಳೆ ಇನ್ನೂ ಡ್ಯೂಟಿ ಮಾಡ್ತಿದೆ ಕಣಪ್ಪ. ಆ ಹಕ್ಕಿ ಬಿಟ್ಟಿಲ್ಲ." ಆಮೇಲೆ ತಾನೇ ಸೇರಿಸಿದ: "ಈಗೀಗ ಸ್ವಲ್ಪ ಕಮ್ಮಿ. ಹೊಸ ಹೊಸ ಸದ್ದು ಕಲೀತಾ ಇದೆ, ಹಳೇದು ಎಷ್ಟು ದಿನ ಇಟ್ಕೊಳ್ಳುತ್ತೋ."

ಗಂಡನ ತುಟಿಗಳು ತಾವಾಗಿಯೇ ದುಂಡಗಾದವು. ಗಾಳಿ ಬರಲಿಲ್ಲ. ಅವನು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡ.

ಅಂದಿನಿಂದ ಅವಳಿಗೆ ಒಂದೇ ಗೀಳು. ಹಬೆಯಲ್ಲಿ ಹಾಸಿಗೆ ಬಟ್ಟೆ ಎಳೆದು ಮಡಚುವಾಗಲೂ ಕಿವಿ ಎಲ್ಲೋ ಇರುತ್ತಿತ್ತು. ಹಕ್ಕಿ ಮರೆಯುವ ಮೊದಲು ಒಂದು ಸಲ ಕೇಳಿಬಿಡಬೇಕು. ಯಾರ ಬಾಯಿಂದಲಾದರೂ ಸರಿ, ಒಂದು ಸಲ ತನ್ನನ್ನು ಯಾರಾದರೂ ಹಾಗೆ ಕರೆಯಬೇಕು.

ನಡಿಗೆಗೆ ಬಂದಿದ್ದವರು ಕೆಲವೇ ಜನ. ಹೊಸ ಬೂಟು ಹಾಕಿಕೊಂಡ ಗಂಡ ಹೆಂಡತಿ, ಮೊಳದುದ್ದದ ಕ್ಯಾಮೆರಾ ಹೊತ್ತ ಒಬ್ಬ ಮಹಾಶಯ. ಫಿರಂಗಿಯಂಥ ಅದನ್ನು ನೋಡಿದ ಕೂಡಲೇ ಮಗಳು ಅವನಿಗೆ ತೋಪು ಎಂದು ಹೆಸರಿಟ್ಟಳು. ಕರೆದುಕೊಂಡು ಹೋಗುವ ಗೈಡ್ ಮಗಳ ವಯಸ್ಸಿನ ಹುಡುಗಿ. ಸೊಂಟಕ್ಕೊಂದು ಪುಟ್ಟ ಸ್ಪೀಕರ್ ಡಬ್ಬಿ ಸಿಕ್ಕಿಸಿಕೊಂಡಿದ್ದಳು. ಮಳೆ ನಿಂತು ಸ್ವಲ್ಪ ಹೊತ್ತಾಗಿತ್ತು. ಎಲೆಗಳಿಂದ ಹನಿ ಇನ್ನೂ ಬೀಳುತ್ತಿತ್ತು.

"ಕೆಲವು ವರ್ಷದ ಹಿಂದೆ ಇಲ್ಲಿ ಕಾಲಿಡೋಕೂ ಆಗ್ತಿರಲಿಲ್ಲ," ಎಂದು ಗೈಡ್ ಶುರುಮಾಡಿದಳು. "ಎಲ್ಲಿ ನೋಡಿದ್ರೂ ಲಂಟಾನ. ಹೊರಗಿನಿಂದ ಬಂದ ಗಿಡ. ಬೇರೆ ಯಾವುದನ್ನೂ ಬೆಳೆಯೋಕೆ ಬಿಡಲ್ಲ. ಅದನ್ನ ಪೂರ್ತಿ ತೆಗೆದ ಮೇಲೆ ಮಣ್ಣಲ್ಲಿ ಮಲಗಿದ್ದ ನಮ್ಮ ಗಿಡಗಳು ತಾವಾಗೇ ಎದ್ದು ಬಂದವು."

"ಇಷ್ಟು ದೊಡ್ಡ ಕಾಡಿಂದ ಹೇಗ್ರೀ ತೆಗೆದ್ರು?" ಎಂದು ಹೊಸ ಬೂಟಿನ ಹೆಂಗಸು ಕೇಳಿದಳು.

"ಸಂಸ್ಥೆಯವರು ತೆಗೆಸಿದ್ರು ಮೇಡಂ."

ತೆಗೆಸಿದರು. ಎಂಥ ಚೊಕ್ಕ ಮಾತು, ಕೈಗೆ ಮಣ್ಣೇ ಹತ್ತದ ಮಾತು. ಭಾನುವಾರದ ಸಿಳ್ಳೆಯಣ್ಣನಿಗೆ ಸೋಮವಾರದಿಂದ ಶನಿವಾರದವರೆಗೆ ಬೇರೆ ಕೆಲಸವಿತ್ತು. ಬೆನ್ನಿಗೆ ಕ್ಯಾನು ಕಟ್ಟಿಕೊಂಡು, ಲಂಟಾನದ ಬುಡ ಕಡಿದು, ಕಡಿದ ಗಾಯಕ್ಕೆ ಔಷಧಿ ಹೊಡೆಯುವುದು. ಕೊಲ್ಲುವ ನೀರಿಗೆ ಔಷಧಿ ಎನ್ನುತ್ತಾರೆ. ಗಿಡಕ್ಕೆ ಔಷಧಿ, ಹೊಡೆಯುವವನಿಗೆ ಮೂಗಿಗೆ ಕಟ್ಟಿಕೊಳ್ಳಲು ಅವನದೇ ಕರ್ಚೀಫು. ಗಾಳಿ ತಿರುಗಿದರೆ ಗಿಡ ಕುಡಿಯುವುದನ್ನು ಮನುಷ್ಯನೂ ಕುಡಿಯುತ್ತಾನೆ. ಕಾಡು ಚೊಕ್ಕವಾಯಿತು. ಫಲಕದ ಮೇಲೆ ಹಿರಿಯರ ಹೆಸರು ಬಂತು. ಅವನ ಗಂಟಲಿಗೆ ಗಂಟು ಬಂತು. ಚಿಕಿತ್ಸೆಗೆ ಸಹಾಯ ಕೇಳಲು ಅವಳು ಹೋದಾಗ ಕಚೇರಿಯ ಅಧಿಕಾರಿ ಮೆತ್ತನೆಯ ಕುರ್ಚಿಯಲ್ಲಿ ಹಿಂದಕ್ಕೆ ವಾಲಿ, "ಏನಮ್ಮಾ, ಬೀಡಿ ಸೇದ್ತಿದ್ನೇನೋ ನೋಡು," ಎಂದಿದ್ದ. ಅವನು ಜೀವಮಾನದಲ್ಲಿ ಬೀಡಿ ಮುಟ್ಟಿದವನಲ್ಲ ಎಂದರೆ, "ಇಲ್ಲಿ ಕೆಲಸದಲ್ಲಿದ್ದಾಗ ಒಂದು ಸಲವೂ ಕೆಮ್ಮಿದ್ದು ನಾವ್ಯಾರೂ ಕೇಳಿಲ್ಲ. ಇಲ್ಲಿಂದ ಹೋದ ಮೇಲೆ ಬಂದ ಕಾಯಿಲೆಗೆ ನಾವೇನು ಮಾಡೋಣ?" ಎಂದಿದ್ದ. ಖಾಯಂ ಆಳೂ ಅಲ್ಲ, ದಿನಗೂಲಿ. ಅಲ್ಲಿಗೆ ಮಾತು ಮುಗಿಯಿತು.

"ಅಮ್ಮ, ಹಲ್ಲು ಕಡೀಬೇಡ," ಎಂದು ಮಗಳು ಪಿಸುಗುಟ್ಟಿದಳು. "ಹಕ್ಕಿ ಅದನ್ನೂ ಕಲಿತುಬಿಡುತ್ತೆ."

ದಾರಿ ಅತ್ತಿಯ ಮರದ ಹತ್ತಿರ ತಿರುಗುತ್ತಿತ್ತು. ಗಂಡ ಹೇಳುತ್ತಿದ್ದ ತಿರುವು ಅದೇ ಎಂದು ನೋಡಿದ ಕೂಡಲೇ ಗೊತ್ತಾಯಿತು. ಅಲ್ಲಿ ನಿಂತರೆ ಹಿಂದಿನ ದಾರಿಯೂ ಕಾಣುವುದಿಲ್ಲ, ಮುಂದಿನ ದಾರಿಯೂ ಕಾಣುವುದಿಲ್ಲ, ಸಿಳ್ಳೆ ಹಾಕದೆ ವಿಧಿಯಿಲ್ಲ. ಗೈಡ್ ಎಲ್ಲರಿಗೂ ಕೂರಲು ಹೇಳಿ, ಡಬ್ಬಿಯನ್ನು ಕಲ್ಲಿನ ಮೇಲಿಟ್ಟು ಗುಂಡಿ ಒತ್ತಿದಳು. ಅದು ಮೊದಲು 'ಟುಡೂಂಗ್' ಎಂದು ಎಚ್ಚರಗೊಂಡಿತು. ಆಮೇಲೆ ಗೂಬೆಯ ಕೂಗು. ಗೂಬೆಯ ದನಿ ಕೇಳಿದರೆ ನಿಜವಾದ ಗೂಬೆ ಹೊರಗೆ ಬರುತ್ತದೆ ಎಂಬ ಲೆಕ್ಕ. ತೋಪು ಮಂಡಿಯೂರಿ ಗುರಿಯಿಟ್ಟ.

ಗೂಬೆ ಬರಲಿಲ್ಲ. ಕಾಜಾಣ ಬಂತು. ಕರಿ ಹಕ್ಕಿ, ಕವಲು ಬಾಲ, ಒದ್ದೆ ಮೈಯಲ್ಲಿ ನೀಲಿಯ ಹೊಳಪು. ಅತ್ತಿಯ ಕೊಂಬೆಯ ಮೇಲೆ ಕೂತು ಕತ್ತು ಓರೆ ಮಾಡಿ ಡಬ್ಬಿಯನ್ನು ನೋಡಿತು. ಬಾಯಿ ತೆರೆಯಿತು.

"ಟುಡೂಂಗ್," ಎಂದಿತು ಹಕ್ಕಿ.

ಎಲ್ಲರೂ ಗೊಳ್ಳೆಂದು ನಕ್ಕರು. ಹೊಸ ಬೂಟಿನವನು ಚಪ್ಪಾಳೆ ತಟ್ಟಿದ. ಅವಳು ಮಾತ್ರ ನಗಲಿಲ್ಲ. ತಾತ ಹೇಳಿದ ಹೊಸ ಸದ್ದು ಇದೇ. ಡಬ್ಬಿ ಊದುತ್ತ ಹೋದರೆ ಹಕ್ಕಿ ಕಲಿಯುತ್ತ ಹೋಗುತ್ತದೆ. ಮನುಷ್ಯನ ತುಟಿಯಿಂದ ಬಂದದ್ದಕ್ಕೆ ಅದರ ಕೊರಳಲ್ಲಿ ಜಾಗ ಎಲ್ಲಿ ಉಳಿಯುತ್ತದೆ?

"ತಂಗೀ," ಎಂದಳು ಗೈಡ್‌ಗೆ. "ಅದನ್ನ ಸ್ವಲ್ಪ ನಿಲ್ಲಿಸ್ತೀಯಾ?"

"ಗೂಬೆ ಬರಬೇಕಲ್ಲ ಅಮ್ಮಾ."

"ಬೇಡ. ನಿಲ್ಲಿಸು."

"ನೋಡಿ, ಗೂಬೆ ಫೋಟೋ ತೆಗೀಬೇಕು ಅಂತಲೇ ನಾನು ಬಂದಿರೋದು," ಎಂದ ತೋಪು, ಕ್ಯಾಮೆರಾದಿಂದ ಕಣ್ಣು ತೆಗೆಯದೆ.

"ಗೂಬೆ ಫೋಟೋಗೆ ಇಷ್ಟು ದೂರ ಬರಬೇಕಿತ್ತಾ ಸಾರ್?" ಎಂದಳು ಮಗಳು. "ಮನೇಲಿ ಕನ್ನಡಿ ಇರಲಿಲ್ವಾ?"

"ಏಯ್, ಏನಮ್ಮಾ ಅದು ಮಾತು!"

"ನೀವು ಸುಮ್ಮನಿರಿ ಸ್ವಾಮಿ," ಎಂದು ತಾಯಿ ಎದ್ದು ನಿಂತಳು. ಹೋಟೆಲಿನಲ್ಲಿ ಯಂತ್ರಗಳ ಗದ್ದಲದ ಮೇಲೆ ಕೂಗಿ ಕೂಗಿ ದನಿ ತಾನಾಗಿಯೇ ಏರುತ್ತಿತ್ತು. "ಸಂಸ್ಥೆಯವರು ತೆಗೆಸಿದ್ರು ಅಂತ ಹೇಳಿದೆಯಲ್ಲಮ್ಮ, ತೆಗೆದವರು ಯಾರು ಗೊತ್ತಾ ನಿನಗೆ? ಔಷಧಿ ಹೊಡೆದು ಹೊಡೆದು ಕೊರಳು ಕೊಯ್ಸಿಕೊಂಡು ಮನೇಲಿ ಕೂತಿದ್ದಾರೆ. ನನ್ನ ಗಂಡ. ಈ ತಿರುವಲ್ಲೇ ನಿಂತು ಸಿಳ್ಳೆ ಹಾಕ್ತಿದ್ರು. ಅವರ ಬಾಯಲ್ಲಿ ಅದು ಇನ್ನಿಲ್ಲ. ಈ ಹಕ್ಕಿ ಬಾಯಲ್ಲಿ ಇದೆಯಂತೆ. ಅದನ್ನ ಕೇಳೋಕೆ ಬಂದಿದ್ದೀನಿ. ನಿನ್ನ ಡಬ್ಬಿ ಊದ್ತಾ ಇದ್ರೆ ಅದೂ ಹೋಗುತ್ತೆ."

ಗೈಡ್ ಡಬ್ಬಿಯನ್ನು ಕಲ್ಲಿನ ಮೇಲಿಂದ ಎತ್ತಿ ಗುಂಡಿ ಒತ್ತಿದಳು. ಗೂಬೆ ಅರ್ಧ ಕೂಗಿಗೆ ಸತ್ತಿತು.

"ಸಿಳ್ಳೆಯಣ್ಣನ ಮನೆಯವರಾ?" ಎಂದಳು ಮೆಲ್ಲಗೆ. "ನಾನು ಸೇರೋ ಹೊತ್ತಿಗೆ ಅವರು ಇರಲಿಲ್ಲ. ಆಫೀಸಿನವರು ನನಗೂ ಸಿಳ್ಳೆ ಹಾಕೋದು ಕಲಿಸೋಕೆ ನೋಡಿದ್ರು. ಬರೀ ಗಾಳಿ ಬಂತು. ಅದಕ್ಕೇ ಈ ಡಬ್ಬಿ ಕೊಟ್ಟಿದ್ದಾರೆ."

ಅವಳು ಮತ್ತೆ ಕೂತಳು. ಎಲ್ಲರೂ ಕಾದರು. ತೋಪು ಮೊದಲು ಬೇಸರದ ಉಸಿರುಬಿಟ್ಟು ತೋರಿಸಿದ, ಆಮೇಲೆ ಅವನೂ ಕಲ್ಲಿನ ಮೇಲೆ ಕುಂಡಿಯೂರಿದ. ಹಕ್ಕಿ ಹಾರಿ ಹೋಗಲಿಲ್ಲ. ತನಗೆ ಇಷ್ಟು ಜನ ಕಿವಿಗೊಟ್ಟದ್ದು ಹಿತವೆನಿಸಿದಂತೆ ರೆಕ್ಕೆ ಕೊಡವಿ ಒಂದೊಂದನ್ನೇ ತೆಗೆಯಿತು. ಅಳಿಲಿನ ಚಿಟಿಚಿಟಿ. ಗಿಡುಗನ ಕಿರುಚು, ಅದಕ್ಕೆ ಪೊದೆಯೊಳಗಿನ ಸಣ್ಣ ಹಕ್ಕಿಗಳೆಲ್ಲ ಬಾಯಿ ಮುಚ್ಚಿಕೊಂಡವು. ರಸ್ತೆಯ ಆಚೆ ಹಿಂದಕ್ಕೆ ಬರುವ ಲಾರಿಯ ಪೀಂ ಪೀಂ. ಕ್ಯಾಮೆರಾದ ಟಿಕ್ ಟಿಕ್. ಆಮೇಲೆ ಸುಮ್ಮನಾಯಿತು. ಎಷ್ಟು ಹೊತ್ತು ಸುಮ್ಮನಿತ್ತೆಂದರೆ ಹೊಸ ಬೂಟಿನವನು ಬಾಟಲಿಯ ಮುಚ್ಚಳ ತಿರುಗಿಸಲು ಶುರುಮಾಡಿದ.

ಆಗ ಬಂತು.

ಕೆಳಗಿನಿಂದ ಎದ್ದಿತು. ಮೇಲೆ ನಿಂತಿತು. ಸರ್ರನೆ ಜಾರಿತು. ತುದಿಯಲ್ಲಿ ಕೊಂಕು.

ಅವಳಿಗೆ ತಾನು ಎದ್ದದ್ದು ಗೊತ್ತಾಗಲಿಲ್ಲ. ಕೈ ತಾನಾಗಿ ಹೋಗಿ ಕೂದಲು ಸರಿಮಾಡಿಕೊಂಡಿತ್ತು, ಕಾಲು ತಾನಾಗಿ ಒಂದು ಹೆಜ್ಜೆ ಮುಂದಿಟ್ಟಿತ್ತು. ಮೈಯೆಲ್ಲ ಹಗುರವಾಗಿ, ಹೋಟೆಲಿನ ಹಬೆ ಇಲ್ಲ, ಆಸ್ಪತ್ರೆಯ ಮೆಟ್ಟಿಲಿಲ್ಲ, ಬೀದಿಯ ಮೂಲೆಯಲ್ಲಿ ಅವನು ನಿಂತಿದ್ದಾನೆ, ಇಷ್ಟೇ. ಇನ್ನೊಂದು ಹೆಜ್ಜೆ ಇಟ್ಟರೆ ಕಾಣುತ್ತಾನೆ.

"ಖೊಕ್," ಎಂದಿತು ಹಕ್ಕಿ. "ಖೊಕ್ ಖೊಕ್."

ಹೊಸ ಬೂಟಿನ ಹೆಂಗಸು ಫಕ್ಕನೆ ನಕ್ಕಳು. "ಅಯ್ಯೋ, ಹಕ್ಕಿಗೆ ನೆಗಡಿ ಕಣ್ರೀ!"

ಅವಳು ಇಟ್ಟ ಹೆಜ್ಜೆಯಲ್ಲೇ ನಿಂತಳು. ಆ ಕೆಮ್ಮು ಅವಳಿಗೆ ಗೊತ್ತಿತ್ತು. ಒಣಗಿದ, ಚಿಕ್ಕ, ಒಂದರ ಹಿಂದೆ ಎರಡು. ಕೊನೆಕೊನೆಗೆ ಸಿಳ್ಳೆಯ ಬೆನ್ನಿಗೇ ಬರುತ್ತಿದ್ದದ್ದು. ಬೀದಿಯ ಮೂಲೆಯಿಂದ ಸಿಳ್ಳೆ, ಕೆಮ್ಮು, ಆಮೇಲೆ ಹೆಜ್ಜೆಯ ಸದ್ದು. ವರ್ಷವಿಡೀ ಅವಳು ಆ ಸಿಳ್ಳೆಯನ್ನು ನೆನೆದಿದ್ದಳು, ನೆನೆನೆನೆದು ನೂಲು ಕತ್ತರಿಸಿದಂತೆ ಕೆಮ್ಮನ್ನು ಕತ್ತರಿಸಿ ಬಿಸಾಕಿದ್ದಳು. ಹಕ್ಕಿಗೆ ಕತ್ತರಿ ಹಿಡಿಯಲು ಬರುವುದಿಲ್ಲ. ಕೇಳಿದ್ದನ್ನು ಕೇಳಿದಂತೆ ಇಟ್ಟುಕೊಂಡಿತ್ತು.

"ಅಮ್ಮ." ಮಗಳು ಎದ್ದು ಪಕ್ಕಕ್ಕೆ ಬಂದಳು. "ಕೆಮ್ಮು."

"ಹೂಂ."

"ಕೆಲಸದಲ್ಲಿದ್ದಾಗ ಒಂದು ಸಲವೂ ಕೆಮ್ಮಿಲ್ಲ ಅಂದಿದ್ನಲ್ಲ ಆ ಕುರ್ಚಿಯವನು." ಮಗಳು ಆಗಲೇ ಫೋನು ತೆಗೆದಿದ್ದಳು. "ಇಲ್ಲಿ ಕೆಮ್ಮದೆ ಇದ್ರೆ ಇದಕ್ಕೆ ಯಾರು ಕಲಿಸಿದ್ರಂತೆ? ರೆಕಾರ್ಡ್ ಮಾಡ್ತೀನಿ. ತಗೊಂಡು ಹೋಗಿ ಅವನ ಟೇಬಲ್ ಮೇಲೆ ಇಡ್ತೀನಿ."

"ಇಡು. ಕೆಳಗೆ ಹಕ್ಕಿ ಕೈಲಿ ಒಂದು ಸಹೀನೂ ಹಾಕಿಸ್ಕೊಂಡು ಬಾ ಅಂತಾನೆ."

"ಅಂದ್ರೆ ಅನ್ನಲಿ. ಕೇಳಿಸ್ಕೊಳ್ಳಲಾದ್ರೂ ಕೇಳಿಸ್ಕೊಳ್ಳಲಿ."

ಗೈಡ್ ಡಬ್ಬಿಯನ್ನು ಎರಡು ಕೈಯಲ್ಲೂ ಅಮುಕಿ ಹಿಡಿದುಕೊಂಡಿದ್ದಳು. "ನಾನು ಬಂದ ದಿನದಿಂದ ಇದು ಹೀಗೇ ಕೆಮ್ಮುತ್ತೆ," ಎಂದಳು. "ನಾನು ಹಕ್ಕಿಯದೇ ಸದ್ದು ಅಂದ್ಕೊಂಡಿದ್ದೆ. ಬಂದವರಿಗೆಲ್ಲ ಹಾಗೇ ಹೇಳಿದ್ದೀನಿ." ಹತ್ತಿರ ಬಂದು, ಉಳಿದವರಿಗೆ ಕೇಳದಂತೆ, "ಈಗಲೂ ಔಷಧಿ ಹೊಡೀತಾರೆ ಅಕ್ಕ. ಬೆಟ್ಟದ ಆ ಕಡೆ. ಫೋಟೋ ತೆಗೆಯೋ ದಿನ ಮಾತ್ರ ಮಾಸ್ಕ್ ಕೊಡ್ತಾರೆ," ಎಂದಳು. ಅಮ್ಮ ಎನ್ನುತ್ತಿದ್ದವಳು ಅಕ್ಕ ಎಂದದ್ದು ಯಾರ ಗಮನಕ್ಕೂ ಬರಲಿಲ್ಲ.

"ಇದನ್ನ ಆಫೀಸಲ್ಲಿ ಬಂದು ಹೇಳ್ತೀಯಾ?" ಎಂದು ಮಗಳು ಕೇಳಿದಳು.

ಗೈಡ್ ನೆಲ ನೋಡಿದಳು. "ನನ್ನದೂ ದಿನಗೂಲೀನೇ," ಎಂದಳು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ತೋಪು ಎದ್ದು ಮಂಡಿಯ ಮಣ್ಣು ಕೊಡವಿಕೊಂಡ. ಮುಂದೆ ಕೆರೆಯಿದೆ, ಬಿಸಿಲು ಏರಿದರೆ ಅಲ್ಲಿನ ಹಕ್ಕಿಗಳೂ ಸಿಗುವುದಿಲ್ಲ ಎಂದು ಗೊಣಗಿದ. ದಾರಿ ಬಿಟ್ಟು ಹೋಗಬಾರದು, ಗುಂಪು ಬಿಟ್ಟು ಉಳಿಯಬಾರದು ಎಂಬುದು ನಡಿಗೆಯ ನಿಯಮ. ಗೈಡ್ ಅವಳ ಮುಖ ನೋಡಿದಳು.

"ನೀವು ಹೋಗಿ," ಎಂದಳು ಅವಳು. "ನಾನು ಇಲ್ಲೇ ಇರ್ತೀನಿ. ಇನ್ನೊಂದು ಸಲ ಹಾಕುತ್ತೇನೋ."

"ಈಗ ಹಾಕ್ತಲ್ಲ ಅಮ್ಮ," ಎಂದಳು ಮಗಳು.

"ಕೆಮ್ಮಿಲ್ಲದ್ದು."

ಗೈಡ್ ಉಳಿದವರನ್ನು ಕರೆದುಕೊಂಡು ತಿರುವು ದಾಟಿದಳು. ಬೂಟುಗಳ ಸದ್ದು ಒದ್ದೆ ಎಲೆಗಳಲ್ಲಿ ಅಡಗಿತು. ತಾಯಿ ಮಗಳು ಅತ್ತಿಯ ಬೇರಿನ ಮೇಲೆ ಒತ್ತಾಗಿ ಕೂತರು. ಮಗಳು ಫೋನನ್ನು ಮೇಲಕ್ಕೆತ್ತಿ ಹಿಡಿದಿದ್ದಳು, ಕೈ ಸೋತಾಗ ಇನ್ನೊಂದು ಕೈಗೆ ಬದಲಿಸುತ್ತಿದ್ದಳು.

ಎಲ್ಲೋ ಇದ್ದೇ ಇರಬೇಕು ಎಂದು ಅವಳಿಗೆ ಅನಿಸುತ್ತಿತ್ತು. ಕ್ಯಾನು ಬೆನ್ನಿಗೇರುವುದಕ್ಕೆ ಮುಂಚಿನದು. ಈ ಮಗಳು ಅವನ ಹೆಗಲ ಮೇಲೆ ಕೂತು ಕಿವಿ ಹಿಡಿದುಕೊಂಡು ಬೀದಿ ಸುತ್ತುತ್ತಿದ್ದ ಕಾಲದ್ದು. ಅಷ್ಟು ಸದ್ದುಗಳನ್ನು ತುಂಬಿಕೊಂಡ ಹಕ್ಕಿಯ ಕೊರಳಲ್ಲಿ, ತಳದಲ್ಲಿ, ಅದೊಂದು ಉಳಿದಿರಬಾರದೇ?

ಹಕ್ಕಿ ಸಿಳ್ಳೆ ಹಾಕಿತು. ಕೆಮ್ಮಿತು.

ಕೊಂಬೆ ಬದಲಿಸಿ ಕೂತು ಮತ್ತೆ ಹಾಕಿತು. ಕೊಂಕು ಮುಗಿದಾಗ ಅವಳು ಮಗಳ ಮಣಿಕಟ್ಟು ಹಿಡಿದುಕೊಂಡು ಉಸಿರು ಬಿಗಿದಳು. ಒಂದು ಹನಿ ಬಿತ್ತು. ಎಲೆ ಅಲುಗಿತು. ಈ ಸಲ ಬರುವುದಿಲ್ಲ ಎಂದುಕೊಳ್ಳುವಷ್ಟು ಹೊತ್ತಾಯಿತು. ಬಂತು, ಖೊಕ್, ಖೊಕ್ ಖೊಕ್. ಒಣಗಿದ, ಸುಸ್ತಾದ, ಮನುಷ್ಯನ ಕೆಮ್ಮು. ಮನೆಯಲ್ಲಿರುವವನಿಗೆ ಈಗ ಆ ಕೆಮ್ಮಿಗೂ ಕಂಠವಿಲ್ಲ.

ಅವಳು ಎದ್ದು ಮರದ ಕೆಳಗೆ ಹೋಗಿ ಕತ್ತೆತ್ತಿ ನಿಂತಳು.

"ಸಾಕು ರೀ," ಎಂದಳು. ದನಿ ಏರಿಸಲಿಲ್ಲ. ಬಾಗಿಲಲ್ಲಿ ನಿಂತು ಹೇಳುವಂತೆ ಹೇಳಿದಳು. "ಆ ಕ್ಯಾನು ಕೆಳಗಿಡಿ. ಅವರ ಕಾಡು ಹಾಳಾಗ್ಲಿ. ಮನೆಗೆ ಬನ್ನಿ."

ಹಕ್ಕಿ ಕತ್ತು ಓರೆ ಮಾಡಿ ಅವಳನ್ನೇ ನೋಡಿತು. ಮಗಳು ರೆಕಾರ್ಡ್ ಮಾಡುವುದನ್ನು ನಿಲ್ಲಿಸಲಿಲ್ಲ.